ಝೂಬಾಳಿಗೆ ಬಚ್ಚಿಟ್ಟ ರೊಟ್ಟಿ

ಕರಡಿ ಝೂಬಾ ತನ್ನ ಮುಂಗಾಲನ್ನು ತಾನೇ ಕಚ್ಚಿ ಕಚ್ಚಿ ಹುಣ್ಣು ಮಾಡಿಕೊಂಡಿದ್ದಳು. ಗೋಡೆಯಿಂದ ಗೋಡೆಗೆ ನಡೆಯುವುದು, ತಲೆ ಕೊಡವಿ ತಿರುಗುವುದು, ಅದೂ ಸಾಕಾದರೆ ಕಾಲು ಕಚ್ಚುವುದು. ಅಲೆಕ್ಸಾಂಡ್ರಿಯಾದ ಆ ಮೃಗಾಲಯದಲ್ಲಿ ಅವಳ ದಿನಚರಿ ಇಷ್ಟೇ. ಹುಣ್ಣು ಮೂಳೆಗೆ ಇಳಿದರೆ ಕಾಲು ಕತ್ತರಿಸಬೇಕಾದೀತು, ಈ ವಯಸ್ಸಿಗೆ ಅವಳು ಅದನ್ನು ತಾಳಲಾರಳು ಎಂದು ಪಶುವೈದ್ಯೆ ಡಾಕ್ಟರ್ ನಿವೀನ್ ಹೇಳಿಬಿಟ್ಟಿದ್ದರು.

ಮದ್ದನ್ನೂ ಅವರೇ ಹೇಳಿದ್ದರು. ರೊಟ್ಟಿ, ಖರ್ಜೂರ ಎಲ್ಲವನ್ನೂ ಟೊಳ್ಳು ಮರದ ದಿಮ್ಮಿಯೊಳಗೆ, ಕಲ್ಲಿನಡಿ, ಹುಲ್ಲಿನ ಮೂಟೆಯಲ್ಲಿ ಬಚ್ಚಿಡಬೇಕು. ಹುಡುಕಿ ತಿನ್ನುವ ಕೆಲಸ ಸಿಕ್ಕರೆ ಕಾಲು ಕಚ್ಚುವುದನ್ನು ಮರೆತಾಳು.

ಕಾವಲುಗಾರ ಶುಕ್ರಿಗೆ ಇದು ನುಂಗಲಾರದ ತುತ್ತು. ಮರಿಯಾಗಿದ್ದಾಗಿನಿಂದ ಅವಳನ್ನು ಸಾಕಿದವನು ಅವನೇ. ಅವನ ಮನೆಗೆ ಬಂದ ಅತಿಥಿ ಸಾಕು ಎಂದರೆ ತಟ್ಟೆಗೆ ಇನ್ನೊಂದು ತುಂಡು ಬೀಳುತ್ತದೆ, ಮತ್ತೆ ಸಾಕು ಎಂದರೆ ಬಾಯಿಗೇ ಬೀಳುತ್ತದೆ. ಅಂಥವನು ಮುದುಕಿಯೊಬ್ಬಳಿಗೆ ತಿನ್ನುವುದನ್ನು ಬಚ್ಚಿಡುವುದೆ? ಸೊಂಟ ನೋವಿನಲ್ಲೇ ಕಲ್ಲು ಎತ್ತಿ ಬಚ್ಚಿಡುತ್ತಿದ್ದ, ನಿಜ. ಆದರೆ ಡಾಕ್ಟರು ಅತ್ತ ಹೋದೊಡನೆ ಝೂಬಾ ಕಂಬಿಗೆ ಬಂದು ಕುಂಯ್‌ಗುಡುತ್ತಿದ್ದಳು. ಇವನ ಕರುಳು ಚುರುಕ್ಕೆನ್ನುತ್ತಿತ್ತು. ಚೀಲದಿಂದ ರೊಟ್ಟಿ ತೆಗೆದು ಕೈಯಾರೆ ತಿನ್ನಿಸುತ್ತಿದ್ದ. ಬಚ್ಚಿಟ್ಟದ್ದು ಕಾಗೆಗಳ ಪಾಲಾಗುತ್ತಿತ್ತು.

ಹುಣ್ಣು ಮಾಯಲಿಲ್ಲ. ಒಂದು ಮಧ್ಯಾಹ್ನ ಡಾಕ್ಟರು ಹಿಂದೆ ಬಂದು ನಿಂತದ್ದು ಅವನಿಗೆ ತಿಳಿಯಲೇ ಇಲ್ಲ.

"ಏನ್ ಮಾಮ, ನೆಂಟರಿಗೆ ಬಡಿಸ್ತಿದೀರಾ?"

"ಹಸಿವು ಅಂತಾಳಮ್ಮ. ನಿಮ್ಮಜ್ಜಿಗೂ ಹಿಂಗೇ ರೊಟ್ಟಿ ಬಚ್ಚಿಡ್ತೀರಾ?"

"ನಮ್ಮಜ್ಜಿ ಕೈಯಿಂದ ಸೌಟು ಕಿತ್ಕೊಂಡು, ನೀ ಸುಮ್ನೆ ಕೂತ್ಕೋ ಅಂದ್ವಿ. ಬಾಯಿಗೇ ತುತ್ತಿಟ್ವಿ. ವರ್ಷ ತುಂಬೋದ್ರಲ್ಲಿ ನಮ್ಮ ಹೆಸರೇ ಮರೆತ್ಲು." ಡಾಕ್ಟರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇವಳಿಗೆ ಹಸಿವಿಲ್ಲ ಮಾಮ. ನಿಮ್ಮ ದಾರಿ ಕಾಯೋದು ಬಿಟ್ರೆ ಬೇರೆ ಕೆಲಸ ಇಲ್ಲ, ಅಷ್ಟೆ. ಒಂದು ವಾರ ಅವಳ ಕಣ್ಣಿಗೆ ಬೀಳ್ಬೇಡಿ. ಕಾಲಾದ್ರೂ ಉಳೀಲಿ."

ಆ ವಾರವನ್ನು ಶುಕ್ರಿ ಹುಲ್ಲಿನ ಕೋಣೆಯಲ್ಲಿ ಕುಳಿತು ಕಳೆದ. ಝೂಬಾ ಇನ್ನೂ ಒಳಗೂಡಿನಲ್ಲಿರುವಾಗಲೇ ಎಲ್ಲವನ್ನೂ ಬಚ್ಚಿಟ್ಟು ಬರುತ್ತಿದ್ದ. ಆಮೇಲೆ ಗೋಡೆಯಾಚೆಯಿಂದ ಅವಳ ಅಳು. ಮುಂದಿಟ್ಟ ಚಹಾ ಆರಿಹೋಗುತ್ತಿತ್ತು. ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಮುಚ್ಚಳ ಕೊಡಲಿಲ್ಲವಲ್ಲ ಎಂದು ಗೊಣಗುತ್ತಿದ್ದ. ಮಗಳನ್ನು ಗಂಡನ ಮನೆಗೆ ಕಳಿಸಿದಾಗಲೂ ಅವನು ಇಷ್ಟು ಸೋತಿರಲಿಲ್ಲ.

ವಾರ ಮುಗಿಯುವ ಹೊತ್ತಿಗೆ ಅಳು ನಿಂತಿತು. ಶುಕ್ರಿ ಹೆದರಿ ಗೋಡೆಯ ಮರೆಯಿಂದ ಇಣುಕಿದ. ಝೂಬಾ ಟೊಳ್ಳು ಮರವನ್ನು ತಬ್ಬಿಕೊಂಡು ಮಲಗಿ, ಒಳಗಿನ ಖರ್ಜೂರಕ್ಕೆ ನಾಲಿಗೆ ಚಾಚುತ್ತಿದ್ದಳು. ಮೂತಿಯೆಲ್ಲ ಮಣ್ಣು. ಕಾಲಿನ ಹುಣ್ಣು ಒಣಗಿ ಹಕ್ಕಳೆ ಕಟ್ಟಿತ್ತು. ಶುಕ್ರಿ ಸಂತೋಷ ತಡೆಯಲಾರದೆ ಒಂದು ಹೆಜ್ಜೆ ಮುಂದಿಟ್ಟ.

ಅವಳು ತಲೆ ಎತ್ತಿ ಗಾಳಿಯನ್ನು ಮೂಸಿದಳು. ಖರ್ಜೂರವನ್ನು ಅಲ್ಲೇ ಬಿಟ್ಟು ಎದ್ದು ಕಂಬಿಯತ್ತ ಬರತೊಡಗಿದಳು.

ವಾರವಿಡೀ ಅವನು ಹಂಬಲಿಸಿದ್ದು ಇದಕ್ಕೇ. ಈಗ ಅದು ಬಂದಾಗ ಸರಕ್ಕನೆ ಹಿಂದೆ ಸರಿದ. ಗೋಡೆಗೆ ಬೆನ್ನು ಕೊಟ್ಟು, ಉಸಿರೂ ಕೇಳಿಸದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತ. ಕಂಬಿಯ ಬಳಿ ಒಂದು ಸಲ ಕುಂಯ್ ಎಂದು ಕೇಳಿಸಿತು. ಹೋಗು ತಾಯಿ, ಹೋಗು ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಸ್ವಲ್ಪ ಹೊತ್ತಿಗೆ ಆಚೆ ಅವಳು ಮತ್ತೆ ಟೊಳ್ಳು ಮರ ಉರುಳಿಸುವ ಸದ್ದಾಯಿತು. ಅವಳು ಬದುಕುತ್ತಾಳೆ, ಇನ್ನು ತನ್ನ ದಾರಿ ಕಾಯುವುದಿಲ್ಲ ಎಂದು ಶುಕ್ರಿಗೆ ಗೊತ್ತಾಯಿತು. ಬಾಯಿಗೆ ಹಿಡಿದ ಕೈ ತೆಗೆಯದೆ ಅಲ್ಲೇ ನಿಂತು ಅತ್ತ.