ವಾರಿಜಮ್ಮನ ಅರ್ಧ ಮಾತ್ರೆ

ಆ ವರ್ಷ ಪಾಲಿಕೆಯ ಚುನಾವಣೆ ಹತ್ತಿರ ಬಂದಾಗ ಡೊಂಬಿವಲಿ ಪೂರ್ವದ ನಮ್ಮ ಭಾಗದಲ್ಲಿ ವಯಸ್ಸಾದವರ ಬಾಯಲ್ಲಿ ಒಂದೇ ಮಾತು, ಕಾರ್ಡು. ತಾವು ಗೆದ್ದರೆ ಅರುವತ್ತು ದಾಟಿದವರಿಗೆಲ್ಲ ಆಸ್ಪತ್ರೆಯ ಕಾರ್ಡು ಮಾಡಿಸುತ್ತೇವೆ, ದೊಡ್ಡ ಆಸ್ಪತ್ರೆಯಲ್ಲಿ ಮಲಗಿದರೂ ಬಿಲ್ಲು ಕಟ್ಟುವುದು ಬೇಡ ಎಂದು ಒಬ್ಬ ಉಮೇದುವಾರರು ಹೇಳಿಹೋಗಿದ್ದರು.

ಒಂದು ಶನಿವಾರ, ಊರು ಬಿಟ್ಟು ಬಂದ ನಮ್ಮವರ ಶನಿಪೂಜಾ ಮಂಡಳಿಯಲ್ಲಿ ಮಂಗಳಾರತಿ ಆದ ಮೇಲೆ ಅಧ್ಯಕ್ಷ ದೇವದಾಸರು ಎಂದಿನಂತೆ ಎಲ್ಲರ ಪರವಾಗಿ ಪ್ರಾರ್ಥನೆ ಮಾಡಿದರು. "ಹಿರಿಯರ ಆರೋಗ್ಯ ಕಾಪಾಡು ಸ್ವಾಮೀ. ಈ ಸಲ ನಾವೆಲ್ಲ ಕಾರ್ಡು ಕೊಡುವವರಿಗೇ ಓಟು ಹಾಕ್ತೇವೆ" ಎಂದರು. ಎಲ್ಲರೂ ಪ್ರಸಾದ ತೆಗೆದುಕೊಂಡರು. ಪ್ರಾರ್ಥನೆಯಲ್ಲಿ ಹೇಳಿದ ಮಾತೆಂದರೆ ನಮ್ಮ ಊರಿನವರಿಗೆ ಆಣೆ ಇಟ್ಟ ಹಾಗೆ.

ಪುಂಡರೀಕಾಕ್ಷ ರಾಯರು ಎಲ್ಲರಿಗಿಂತ ಹೆಚ್ಚು ಭಕ್ತಿಯಿಂದ ಕೈಮುಗಿದಿದ್ದರು. ಕಲ್ಯಾಣದ ಹೋಟೆಲೊಂದರ ಗಲ್ಲೆಯಲ್ಲಿ ಕೂತು ಗಿರಾಕಿಗಳ ಹಣ ಎಣಿಸುತ್ತ ಆಯುಷ್ಯ ಕಳೆದವರು ಅವರು. ಹೆಂಡತಿ ವಾರಿಜಮ್ಮ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಬೀಪಿ ಏರಿ ತಲೆಯಲ್ಲಿ ರಕ್ತನಾಳ ಒಡೆದಿತ್ತು. ವಾಶಿಯ ದೊಡ್ಡ ಆಸ್ಪತ್ರೆಗೆ ಒಯ್ಯುವ ಶಕ್ತಿ ರಾಯರಿಗೆ ಇರಲಿಲ್ಲ.

ಮರುದಿನ ನೆರೆಮನೆಯ ಜಯಲತಾ ಬಂದರು.

"ಊಟ ಆಯ್ತಾ ರಾಯರೇ?"

"ಒಬ್ಬನಿಗೆ ಎಂತ ಊಟ ಜಯಕ್ಕ. ಕೂತ್ಕೊಳ್ಳಿ."

"ನಿಮ್ಮ ಓಟೂ ಕಾರ್ಡಿಗೇ ಅಂತೆ?"

"ಮತ್ತೆ? ಆ ಕಾರ್ಡು ಇದ್ದಿದ್ರೆ ವಾರಿಜಾ ಇವತ್ತು ನಿಮಗೆ ಚಾ ಮಾಡಿ ಕೊಡ್ತಿದ್ಳು."

ಜಯಲತಾ ಸೆರಗಿನ ತುದಿ ಹಿಡಿದು ಕೂತರು. ಆಮೇಲೆ ಮೆಲ್ಲಗೆ ಹೇಳಿದರು.

"ನಮ್ಮ ವಾರ್ಡಿನ ಪಾಲಿಕೆ ದವಾಖಾನೆ ರಿಪೇರಿ ಅಂತ ಬಾಗಿಲು ಹಾಕಿತ್ತಲ್ಲ, ಆಗ ವಾರಿಜಕ್ಕನಿಗೆ ಬೀಪಿಯ ಪುಕ್ಕಟೆ ಮಾತ್ರೆ ಸಿಗ್ತಿರ್ಲಿಲ್ಲ. ಮೆಡಿಕಲ್‌ನಿಂದ ತಂದದ್ದನ್ನು ಅರ್ಧ ಮಾಡಿ ತಿಂತಿದ್ರು. ನಾನು ಬೈದೆ. 'ಇವರಿಗೆ ಹೇಳ್ಬೇಡ ಮಾರಾಯ್ತಿ, ಈ ಪ್ರಾಯದಲ್ಲಿ ಪುನಃ ಹೋಟೆಲಿನ ಕೆಲಸ ಹುಡುಕಿಕೊಂಡು ಹೋಗ್ತಾರೆ' ಅಂದ್ರು. ನಾನೂ ಸುಮ್ಮನಾದೆ."



"ಮಾತ್ರೆ ತಪ್ಪಿಸಿದ್ರಾ ಅಂತ ಡಾಕ್ಟ್ರು ಕೇಳಿದ್ರು" ಎಂದರು ರಾಯರು. "ಇಲ್ಲ ಅಂತ ನಾನೇ ಹೇಳಿದ್ದು."

"ಅದರಿಂದಲೇ ಹಾಗಾಯ್ತು ಅಂತ ಹೇಳಲಿಕ್ಕೆ ನಾನು ಯಾರು ರಾಯರೇ? ಆದ್ರೆ ಈಗ ತೆರೆದ ದವಾಖಾನೆಯ ಪುಕ್ಕಟೆ ಮಾತ್ರೆ ಕಾರ್ಡು ಬಂದ್ರೆ ಪುನಃ ನಿಲ್ತದೆ. ಹೆಂಗಸರ ಸಭೆಗೆ ಬಂದಾಗ ಆ ಉಮೇದುವಾರರನ್ನೇ ಕೇಳಿದೆ. ಎರಡಕ್ಕೂ ಹಣ ಸಾಲದು ಅಂದ್ರು. ಕಾರ್ಡು ನಡೆಯುವುದು ಅಡ್ಮಿಟ್ ಆದವರಿಗೆ ಮಾತ್ರ."

"ಇದನ್ನು ಯಾಕೆ ಯಾರೂ ಹೇಳ್ಲಿಲ್ಲ?"

"ನಿಮ್ಮ ಮಂಡಳಿಯಲ್ಲಿ ಯಾರೂ ಕೇಳ್ಲಿಲ್ಲ."

ಮುಂದಿನ ಶನಿವಾರ ರಾಯರು ಈ ಮಾತನ್ನು ಮಂಡಳಿಯಲ್ಲಿ ಎತ್ತಿದರು. ದೇವದಾಸರು ಒಪ್ಪಲಿಲ್ಲ.

"ಪ್ರಾರ್ಥನೆಯಲ್ಲಿ ಹೇಳಿ ಆಗಿದೆ ರಾಯರೇ. ನಿಮಗೆ ಧೈರ್ಯ ಉಂಟಾದ್ರೆ ಮಾತು ತಪ್ಪಿ. ನನಗೆ ಶನಿಯ ಸಾಡೇಸಾತಿ ಈಗಷ್ಟೇ ಮುಗಿದದ್ದು."

ಎಲ್ಲರೂ ನಕ್ಕರು. ರಾಯರು ನಗಲಿಲ್ಲ.

"ನಾವು ಬೇಡಿದ್ದು ಆರೋಗ್ಯ ದೇವದಾಸರೇ. ಕಾರ್ಡು ನೀವು ಸೇರಿಸಿದ್ದು. ನಿಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲಿಂದ?"

"ದವಾಖಾನೆಯಿಂದ."

"ಅದು ನಿಂತ್ರೆ?"

ದೇವದಾಸರು ಅಂಗಿಯ ಕಿಸೆಯಲ್ಲಿದ್ದ ಮಾತ್ರೆಯ ಪಟ್ಟಿ ಮುಟ್ಟಿ ನೋಡಿದರು. "ಹಾಗಾದ್ರೆ ಕಾರ್ಡು ಬೇಡ ಅಂತೀರಾ?"

"ಬೇಡ ಅಂತ ಯಾರು ಹೇಳಿದ್ದು? ದೊಡ್ಡ ಕಾಯಿಲೆಗೆ ಅದೂ ಬೇಕು. ಉಮೇದುವಾರರನ್ನೆಲ್ಲ ಕೇಳುವ. ಏನು ಕೊಡ್ತೀರಿ, ಅದಕ್ಕಾಗಿ ಏನು ನಿಲ್ಲಿಸ್ತೀರಿ ಅಂತ. ಮತ್ತೆ ಅವರವರ ಓಟು ಅವರವರಿಗೆ ಬಿಟ್ಟದ್ದು. ವಾರಿಜಾ ಹೋದಳು. ಇನ್ನೊಬ್ಬರು ಹೋಗುವುದು ಬೇಡ."

ದೇವದಾಸರು ಎದ್ದು ಹುಂಡಿಗೆ ತಪ್ಪುಕಾಣಿಕೆ ಹಾಕಿದರು. "ಕೇಳದೆ ಮಾತು ಕೊಟ್ಟೆವು ಸ್ವಾಮೀ, ಎಲ್ಲರನ್ನೂ ಆ ಮಾತಿನಿಂದ ಬಿಟ್ಟುಬಿಡು. ಬುದ್ಧಿ ಕೊಡು" ಎಂದು ಪ್ರಾರ್ಥಿಸಿದರು.

ಉಮೇದುವಾರರನ್ನೆಲ್ಲ ಕೇಳಿ ಆಯಿತು. ಮತದಾನದ ದಿನ ರಾಯರು ಬೆಳಿಗ್ಗೆಯೇ ಹೋದರು. ಗಂಡಸರ ಸಾಲಿನಲ್ಲಿ ನಿಂತು, ಅಭ್ಯಾಸಬಲದಿಂದ ಹೆಂಗಸರ ಸಾಲಿನಲ್ಲಿ ವಾರಿಜಮ್ಮನನ್ನು ಹುಡುಕಿದರು. ಆಮೇಲೆ ಒಳಗೆ ಹೋಗಿ, ದೇವರನ್ನು ನೆನೆದು, ತಮಗೆ ಸರಿ ಕಂಡವರಿಗೆ ಗುಂಡಿ ಒತ್ತಿದರು. ಯಾರಿಗೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಇದನ್ನು ಓದುತ್ತಿರುವ ಹಿರಿಯರೇ, ನಮ್ಮ ಆರೋಗ್ಯದ ಹೆಸರು ಹೇಳಿ ಮತ ಕೇಳುವವರು ನಿಮ್ಮ ಬಾಗಿಲಿಗೂ ಬರುತ್ತಾರೆ. ಬರಲಿ, ಕೂರಿಸಿ, ನೀರು ಕೊಡಿ. ಹೊಸದು ಬಂದರೆ ಹಳೆಯದರಲ್ಲಿ ಏನು ಹೋಗುತ್ತದೆ, ನನ್ನ ದಿನದ ಔಷಧಿಯ ಗತಿ ಏನು ಎಂದು ಕೇಳಿ. ಉತ್ತರ ತಿಳಿಯದಿದ್ದರೆ ಮತ್ತೊಮ್ಮೆ ಕೇಳಿ. ಆಸೆಗೂ ಬೇಡ, ಹೆದರಿಕೆಗೂ ಬೇಡ, ತಿಳಿದು ಮತ ಹಾಕಿ. ಔಷಧಿಗೆ ಕಷ್ಟವಾದರೆ ಮನೆಯವರಿಂದ ಮುಚ್ಚಿಡಬೇಡಿ. ಅವರಿಗೆ ತೊಂದರೆಯಾಗುತ್ತದೆಂದು ನೀವು ಸುಮ್ಮನಿರುತ್ತೀರಿ. ನೀವಿಲ್ಲದ ಮನೆಯಲ್ಲಿ ಅವರು ಹೇಗೆ ದಿನ ಕಳೆಯುತ್ತಾರೆಂದು ಒಮ್ಮೆ ಯೋಚಿಸಿ.