ಬಾಳಕೃಷ್ಣರ ಸರ್ವರ್

ಮಾಸ್ಟಡಾನ್ ಎಂಬ ಸಾಮಾಜಿಕ ಜಾಲದಲ್ಲಿ ಯಾರು ಬೇಕಾದರೂ ತಮ್ಮದೇ ಸರ್ವರ್ ಇಟ್ಟುಕೊಂಡು, ಬೇರೆ ಸರ್ವರುಗಳಲ್ಲಿ ಇರುವವರ ಜೊತೆಗೂ ಮಾತಾಡಬಹುದು. ಪುಣೆಯ ಕೋಥರೂಡದ ಬಾಳಕೃಷ್ಣರು ಹಳೇ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿ ಅಂಥದೊಂದನ್ನು ಮನೆಯಲ್ಲೇ ನಡೆಸುತ್ತಿದ್ದರು. "ಯಾವ ಕಂಪನಿ ಹಂಗೂ ಬ್ಯಾಡ. ನಮ್ಮ ಮನಿ, ನಮ್ಮ ಬಾಗಲಾ," ಎಂದು ಹೇಳಿ ಹೇಳಿ ಹೆಂಡತಿ ಗೋದಾಳ ಕಿವಿ ತೂತು ಮಾಡಿದ್ದರು.

ಅಲ್ಲಿ ಸಿಕ್ಕ ಗೆಳೆಯ, ಬೇರೊಂದು ಸರ್ವರಿನಲ್ಲಿದ್ದ ಮೈಸೂರಿನ ಅನಂತರಾಮು. ಮುಖ ನೋಡಿದವರಲ್ಲ. ಆದರೂ ಪ್ರಿಂಟರ್ ಕೈಕೊಟ್ಟರೂ ಮೊಣಕಾಲು ನೋವು ಬಂದರೂ ಬೆಳಗಿನ ಚಹಾದ ಜೊತೆ ಒಬ್ಬರಿಗೊಬ್ಬರು ಬರೆಯುತ್ತಿದ್ದರು.

ಮಳೆಗಾಲದ ಹೊತ್ತಿಗೆ ಅನಂತರಾಮು ಕಡೆಯಿಂದ ಬರುವುದು ನಿಂತುಹೋಯಿತು.

"ನೀವ ಒಮ್ಮೆ ಕೇಳ್ರಲ್ಲಾ," ಎಂದಳು ಗೋದಾ.

"ಬಿಟ್ಟು ಹೋದವ್ರ ಬೆನ್ನು ಹತ್ತೂದು ನನ್ನಿಂದ ಆಗೂದಿಲ್ಲ," ಎಂದು ಬಾಳಕೃಷ್ಣರು ಮುಖ ಗಂಟು ಹಾಕಿಕೊಂಡರು.

ದೀಪಾವಳಿಗೆ ಲಿನಕ್ಸನ್ನು ಹೊಸದಾಗಿ ಹಾಕಿದ ದಿನ, ಮನಸ್ಸು ತಡೆಯದೆ, ತಮ್ಮ ಸರ್ವರಿಗೆ ಲಾಗಿನ್ ಆಗುವ ಮೊದಲೇ ಬ್ರೌಸರಿನಲ್ಲಿ ನೇರವಾಗಿ ಅನಂತರಾಮು ಇದ್ದ ಸರ್ವರಿಗೇ ಹೋಗಿ ಅವರ ಪುಟ ತೆರೆದರು. ತಮ್ಮ ಹೆಸರಿಗೇ ಬರೆದ ಮಾತುಗಳು.

"ಸರ್, ಟ್ರೀಟ್‌ಮೆಂಟಿಗೆ ಪುಣೆಗೆ ಬಂದಿದ್ದೀನಿ. ಮಗಳ ಮನೆ ಕೋಥರೂಡದಲ್ಲೇ. ಒಂದ್ಸಲ ಸಿಗೋಣವಾ?"

ಆಮೇಲೆ, "ನನ್ನಿಂದ ಏನಾದ್ರೂ ತಪ್ಪಾಯ್ತಾ ಸರ್?"

ಕೊನೆಯದು ಮಗಳು ಬರೆದದ್ದು: "ಅಪ್ಪ ಇವತ್ತು ಹೋಗ್ಬಿಟ್ರು."

ಬಾಳಕೃಷ್ಣರಿಗೆ ಆಗ ನೆನಪಾಯಿತು. ಬೇಸಿಗೆಯ ಕೊನೆಯಲ್ಲಿ ಯಾರೋ ಜಾಹೀರಾತಿನ ಕಸ ಸುರಿದರೆಂದು ಸಿಟ್ಟಿಗೆದ್ದು, ಆ ಕಸ ಬಂದ ಸರ್ವರಿನಿಂದ ಯಾರ ಮಾತೂ ತಮ್ಮ ಸರ್ವರಿಗೆ ಬಾರದಂತೆ ಅದನ್ನೇ ಪೂರ್ತಿ ಬ್ಲಾಕ್ ಮಾಡಿದ್ದರು. ಅನಂತರಾಮು ಇದ್ದದ್ದೂ ಅದರಲ್ಲೇ.

ಗೋದಾ ಚಹಾ ತಂದಿಟ್ಟಳು. "ಅವರದೇನರ ಸುದ್ದಿ ಬಂತೇನ್ರಿ?"

"ಬಂದಿತ್ತು," ಎಂದರು ಬಾಳಕೃಷ್ಣರು. "ನಾನ ಒಳಗ ಬಿಡಲಿಲ್ಲ."