ಹನ್ನೆರಡನೇ ನಾಲಾ

“ಏ ಮಾನಮ್ಮ, ಸೀರೆ ಬದಲಿಸು. ಒಂದೇ ಹಸಿರಲ್ಲಿ ನಿಂತ್ರೆ ಮೂರು ನಾಲಾ ಅಂತ ಯಾವ ಗಾಂಡು ನಂಬ್ತಾನೆ? ಜಲ್ದಿ ಕರ್.”

ಹಿತೇಶ್ ನಮ್ಮ ಠೇಕೇದಾರ; ಮಳೆಗಾಲಕ್ಕೆ ಮುಂಚೆ ಪಾಲಿಕೆಯ ನಾಲಾಗಳ, ಅಂದರೆ ದೊಡ್ಡ ಚರಂಡಿಗಳ, ಹೂಳೆತ್ತಿಸುವ ಗುತ್ತಿಗೆ ಅವನದು. ಉಡುಪಿ ಕಡೆಯವರ ಮಗ, ಹುಟ್ಟಿದ್ದು ಠಾಣೆ ಶಹರದಲ್ಲಿ. ರಬಾಳೆಯ ಹನ್ನೆರಡನೇ ನಾಲಾದ ಹೂಳಿನಿಂದ ಮೇಲೆ ಬಂದು, ಟೆಂಪೋದ ಮರೆಯಲ್ಲಿ ಸೀರೆ ಬದಲಿಸಿದೆ. ಸ್ಲೇಟಿನ ಮೇಲಿದ್ದ 12 ಅಳಿಸಿ 31 ಬರೆದು, ಅದೇ ನಾಲಾದ ಇನ್ನೊಂದು ಮೂಲೆಯಲ್ಲಿ ನಿಂತೆ. ಫೋಟೋ ತೆಗೆದ ಕೂಡಲೇ ಅದು ತಾನಾಗಿಯೇ ಪಾಲಿಕೆಯ ಕಚೇರಿಗೆ ಹೋಗಿಬಿಡುತ್ತದೆ, ವಾಪಸ್ ತರಲಾಗದು. ಆಮೇಲೆ ಮೂರನೇ ಸೀರೆ, 47. ತೋಡಿದ್ದು ಒಂದು, ಬಿಲ್ಲು ಮೂರಕ್ಕೆ. ಮಳೆ ಶುರುವಾಗುವವರೆಗೆ ದಿನವೂ ಇದೇ ಆಟ. ಸ್ಲೇಟು ನನ್ನ ಕೈಗೆ ಕೊಟ್ಟಿದ್ದು ನನಗೆ ಅಂಕಿ ಬರೆಯಲು ಬರುತ್ತದೆ, ಬಾಯಿ ಇಲ್ಲ ಅಂತ.

ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಗಂಡ ಭೀಮಶ್ಯಾ ಇದೇ ಹನ್ನೆರಡರೊಳಗೆ ಗ್ಯಾಸಿಗೆ ಸತ್ತ. ಅಂದು ಅದೇ ನಾಲಾದಲ್ಲಿ ನಿಂತಿದ್ದರೂ ನನ್ನ ಸ್ಲೇಟಿನಲ್ಲಿ 31 ಇತ್ತು, 12 ಬರೆಸಿರಲೇ ಇಲ್ಲ. ‘ಹನ್ನೆರಡರಲ್ಲಿ ಅಂದು ಕೆಲಸವೇ ಇರಲಿಲ್ಲ, ಕುಡಿದು ಬಿದ್ದಿದ್ದಾನೆ’ ಎಂದು ಪಾಲಿಕೆಯಿಂದ ಕಾಗದ ಬಂತು. ಜೀವಮಾನದಲ್ಲಿ ಒಂದು ಹನಿ ಮುಟ್ಟದವನು ಅವನು. ಸುಳ್ಳು ಅಂಕಿ ಬರೆದ ಕೈ ನನ್ನದೇ, ಯಾರನ್ನು ಬೈಯಲಿ? ಅವನು ಕೆಲಸ ಮಾಡುತ್ತಲೇ ಸತ್ತ ಎಂದು ಒಪ್ಪಿಬಿಡಲಿ, ನನಗೆ ಅಷ್ಟೇ ಬೇಕಿತ್ತು.

ಅದನ್ನು ಬರೆಯುತ್ತೇನೆ ಎಂದು ಬಂದವನು ಲೀಲಾಧರ. ಪೇಪರಿನವನು, ಮಾಜಿವಾಡಾದಲ್ಲಿ ಫ್ಲ್ಯಾಟು. ರಾಜಕಾರಣಿಗಳ ಬಣ್ಣ ಬಯಲು ಮಾಡಿಯೇ ಹೆಸರು ಮಾಡಿದವನಂತೆ. ಇಬ್ಬರು ನಗರಸೇವಕರನ್ನು, ಅಂದರೆ ಕಾರ್ಪೊರೇಟರುಗಳನ್ನು, ಕುರ್ಚಿಯಿಂದ ಇಳಿಸಿದ್ದನ್ನು ನಮ್ಮ ಗುಡಿಸಲಲ್ಲಿ ಕೂತು ತಾನೇ ಹೇಳಿಕೊಂಡ. ಆ ಇಬ್ಬರೂ ನಮ್ಮ ನಗರಸೇವಕನಿಗೆ ಆಗದವರು. ಹಿತೇಶ್ ನಮ್ಮ ನಗರಸೇವಕನ ಭಾಮೈದ. ನನ್ನ ತಲೆಯಲ್ಲಿ ಅನುಮಾನದ ಹುಳ ಹೊಕ್ಕಿದ್ದೇ ಆಗ.

“ಹೆದರ್ಬೇಡಿ ಮಾರಾಯ್ರೆ, ನಿಮ್ಮ ಹೆಸರು ಬರುದಿಲ್ಲ. ಸಾಕ್ಷಿ ಎಂತಾದ್ರೂ ಉಂಟಾ?”

ನಾನು ಕೊಟ್ಟ ಚಹಾ ಅವನ ಮುಂದೆ ಕೆನೆಗಟ್ಟಿತ್ತು. ಅದನ್ನು ನೋಡಿಕೊಂಡೇ ಹೇಳಿದೆ.

“ಐತ್ರಿ. ಅವತ್ತ ನನ್ನ ಗಂಡ ಮೊಬೈಲ್‌ನಾಗ ಫೋಟೋ ಹಿಡದಿದ್ದ. ಅದನ್ನ ಸಾಮಾನಿನ ಶೆಡ್ಡಿನಾಗ, ಸಿಮೆಂಟಿನ ಚೀಲದಾಗ ಮುಚ್ಚಿಟ್ಟೀನಿ. ನಾಡಿದ್ದ ತಂದ್ ಕೊಡ್ತೀನಿ.”

“ಬೇರೆ ಯಾರಿಗಾದ್ರೂ ಹೇಳಿದ್ದೀರಾ?”

“ನಿಮಗಷ್ಟೇ ಹೇಳೀನ್ರಿ.”

ಮೊಬೈಲೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಭೀಮಶ್ಯಾನ ಮೊಬೈಲು ಅವನ ಜೊತೆಗೇ ಹೂಳಿನಲ್ಲಿ ಹೋಗಿತ್ತು. ಈ ಸುಳ್ಳನ್ನು ನನ್ನ ತಂಗಿ ದಾನೇಶ್ವರಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಶೆಡ್ಡಿನ ಬೀಗ ಮುರಿದಿತ್ತು. ಇದ್ದಬದ್ದ ಚೀಲಗಳನ್ನೆಲ್ಲ ಹರಿದು ಹಾಕಿದ್ದರು. ಹಿತೇಶನ ಪ್ಯಾಂಟಿಗೆ ಮೊಣಕಾಲವರೆಗೆ ಸಿಮೆಂಟು ಮೆತ್ತಿತ್ತು.

“ಯಾವ ಸೂಳಿಮಗ ಮಾಡ್ಯಾನಕ್ಕ ಇದನ್ನ?” ಎಂದಳು ದಾನೇಶ್ವರಿ.

“ಪೇಪರಿನಾಂವ ಮಾಡಿಸ್ಯಾನ,” ಎಂದೆ. ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಇವನಾದರೂ ಬರೆದಾನು ಅಂತ ಒಂದು ಗಳಿಗೆ ಆಸೆಪಟ್ಟಿದ್ದೆನಲ್ಲ.

ಹಿತೇಶ್ ನನ್ನನ್ನು ದುರುಗುಟ್ಟಿ ನೋಡಿದ. “ಎಲ್ಲಿದೆ?”

“ಏನ್ರಿ ಸಾಹೇಬ್ರ?”

ಮೊಬೈಲೆಂದು ಬಾಯಿಬಿಟ್ಟರೆ ತಾನೇ ಸಿಕ್ಕಿಬೀಳುತ್ತಿದ್ದ. “ಕುಛ್ ನಹೀ. ಇಳಿ ಕೆಳಗೆ, ರಂಡಿ.”

ಇಳಿದೆ. ಅವನು ಒಂದು ಮೊಬೈಲನ್ನು ಕಿವಿಗೆ ಒತ್ತಿಕೊಂಡು ಇನ್ನೊಂದರಲ್ಲಿ ಫೋಟೋ ತೆಗೆಯತೊಡಗಿದ. “ಲೀಲಣ್ಣ, ಅಲ್ಪ ದಾಲ ಇಜ್ಜಿ ಮಾರಾಯ್ರೇ,” ಎಂದು ತುಳುವಿನಲ್ಲಿ ರೇಗುತ್ತಿದ್ದ. ನನಗೆ ತುಳು ಬಾರದು. ಲೀಲಣ್ಣ ಅಂದಿದ್ದು ಮಾತ್ರ ತಿಳಿಯಿತು, ಅಷ್ಟು ಸಾಕಾಯಿತು.

ಹಸಿರು ಸೀರೆ, 12. ಮೇಲೆ ಬಂದು ಕೆಂಪು ಉಟ್ಟೆ, ಮತ್ತೆ 12. ಇಷ್ಟು ವರ್ಷ ತಪ್ಪದೆ ಬರೆದವಳ ಸ್ಲೇಟನ್ನು ಅವನು ಓದುತ್ತಲೇ ಇರಲಿಲ್ಲ. ಮೂರನೆಯದು, ಭೀಮಶ್ಯಾ ಸತ್ತ ದಿನ 31ರ ಫೋಟೋದಲ್ಲಿ ನಾನುಟ್ಟಿದ್ದ ನೀಲಿ. 12 ಎಂದು ಬರೆದು, ಕೆಳಗೆ ಅವನು ಸತ್ತ ತಾರೀಖು ಬರೆದೆ.

ಫೋಟೋ ತೆಗೆಯುವ ಮೊಬೈಲು ಕ್ಲಿಕ್ ಅಂದಿತು. ಹಿತೇಶ್ ಕಿವಿಯಿಂದ ಫೋನು ಇಳಿಸಿ, ಮೊದಲ ಸಲ ಸ್ಲೇಟು ನೋಡಿದ.

“ಏನಿದು? ಅಳಿಸು. ಅಳಿಸು ಅದನ್ನ.”

“ಮೂರೂ ಹೋಗ್ಯಾವ್ರಿ,” ಎಂದೆ. “ನೀವಾ ಅಳಸ್ರಿ.”

ಅವನು ಹೊಸ ಬೂಟಿನಲ್ಲೇ ನಾಲಾಕ್ಕೆ ಇಳಿಯತೊಡಗಿದ. ದಾನೇಶ್ವರಿ ಸಲಿಕೆ ಹಿಡಿದು ಬಂದು ನನ್ನ ಪಕ್ಕ ನಿಂತಳು. ನಾನು ಸ್ಲೇಟನ್ನು ಇನ್ನೂ ಮೇಲೆ ಎತ್ತಿ ಹಿಡಿದೆ.